ಗಾಂಜಾ: ಲೈಸೆನ್ಸ್ ಕೊಟ್ಟು ಮಾರಿಸಬೇಕೇ, ಸೇದಿದವರಿಗೆ ಜೈಲು ತಪ್ಪಿಸಿದರೆ ಸಾಕೇ?

ಪರ: ಮಾರಾಟವೂ ಕಾನೂನಿನೊಳಗೆ ಬರಲಿ

ಸೇದುವವನನ್ನು ಜೈಲಿಗೆ ಹಾಕಬೇಡಿ ಎನ್ನುವವರು ಒಂದು ಪ್ರಶ್ನೆಯನ್ನು ಬಿಟ್ಟೇಬಿಡುತ್ತಾರೆ: ಅವನು ಕೊಳ್ಳುವುದು ಯಾರಿಂದ? ಪೋರ್ಚುಗಲ್ 2001ರಲ್ಲಿ ಹತ್ತು ದಿನಕ್ಕಾಗುವಷ್ಟು ಮಾದಕವಸ್ತು ಇಟ್ಟುಕೊಳ್ಳುವುದನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ಮಾರಾಟ ಮಾತ್ರ ಅಪರಾಧವಾಗಿಯೇ ಉಳಿಯಿತು. ಹಾಗಾಗಿ ಕೊಳ್ಳುವವನು ಕಳ್ಳಸಾಗಣೆದಾರರ ಗಿರಾಕಿಯಾಗಿಯೇ ಇದ್ದಾನೆ. ಪೊಟ್ಟಣದಲ್ಲಿ ಏನು ಬೆರೆಸಿದ್ದಾರೆ ಎಂದು ಪರೀಕ್ಷಿಸುವವರಿಲ್ಲ, ಹೈಸ್ಕೂಲು ಹುಡುಗ ಬಂದರೆ ವಯಸ್ಸು ಕೇಳುವವರಿಲ್ಲ.

ದಕ್ಷಿಣ ಅಮೆರಿಕದ ಉರುಗ್ವೆ 2013ರಲ್ಲಿ ಕಾನೂನು ತಂದು, 2017ರಿಂದ ಔಷಧಿ ಅಂಗಡಿಗಳಲ್ಲೇ ಗಾಂಜಾ ಮಾರಿಸುತ್ತಿದೆ. ಹೆಸರು ನೋಂದಾಯಿಸಿದ ವಯಸ್ಕರಿಗೆ, ಬೆರಳಚ್ಚು ನೋಡಿ, ತಿಂಗಳಿಗೆ ಹೆಚ್ಚೆಂದರೆ 40 ಗ್ರಾಂ. ಜಾಹೀರಾತು ನಿಷಿದ್ಧ. ನಮಗಿದು ತೀರಾ ಹೊಸದೂ ಅಲ್ಲ. ನಮ್ಮ ಮಾದಕವಸ್ತು ಕಾಯ್ದೆ (ಎನ್‌ಡಿಪಿಎಸ್) ಗಿಡದ ಎಲೆಯನ್ನು ಗಾಂಜಾ ಎನ್ನುವುದಿಲ್ಲ. ರಾಜಸ್ಥಾನದಲ್ಲಿ ಆ ಎಲೆಯಿಂದ ಮಾಡುವ ಭಂಗಿಗೆ ಲೈಸೆನ್ಸ್ ಪಡೆದ ಅಂಗಡಿಗಳೇ ಇವೆ. ಅದೇ ಗಿಡದ ಹೂವನ್ನು ಮಾತ್ರ ದಂಧೆಕೋರರಿಗೆ ಬಿಟ್ಟುಕೊಟ್ಟಿದ್ದೇವೆ.

ವಿರೋಧ: ಶಿಕ್ಷೆ ತಪ್ಪಲಿ, ಅಂಗಡಿ ಬೇಡ

ಮಾರಾಟ ಸರ್ಕಾರದ ಹಿಡಿತಕ್ಕೆ ಬಂದರೆ ಚಟವೂ ಹಿಡಿತಕ್ಕೆ ಬರುತ್ತದೆ ಎಂದರೆ ಕರ್ನಾಟಕದವರು ಹೇಗೆ ನಂಬುವುದು? 2007ರಲ್ಲಿ ಸಾರಾಯಿ ನಿಂತಿತು, ಲೈಸೆನ್ಸಿನ ಮದ್ಯ ನಿಲ್ಲಲಿಲ್ಲ. ಎಂಎಸ್‌ಐಎಲ್ ಮಳಿಗೆಗಳಲ್ಲಿ ಸರ್ಕಾರವೇ ಮಾರುತ್ತದೆ. ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ವರಮಾನದ ಗುರಿ ಕೊಡುತ್ತಾರೆ. ಆ ಗುರಿ ಮುಟ್ಟಬೇಕಾದ ಇಲಾಖೆ ಕುಡಿತ ತಗ್ಗಲೆಂದು ಬಯಸೀತೇ? 2019ರಲ್ಲಿ ಮದ್ಯ ನಿಷೇಧ ಕೇಳುತ್ತಾ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅಂಗಡಿಗಳು ಮುಚ್ಚಲಿಲ್ಲ. ಗಾಂಜಾದಿಂದಲೂ ಬೊಕ್ಕಸ ತುಂಬತೊಡಗಿದರೆ ಅದನ್ನು ನಿಲ್ಲಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದಿಲ್ಲ. ಸುಮಾರು 35 ಲಕ್ಷ ಜನರ ಉರುಗ್ವೆಯ ಬೆರಳಚ್ಚು ಪಟ್ಟಿಯನ್ನು ನಮಗೆ ಮಾದರಿಯಾಗಿ ತೋರಿಸಬೇಡಿ.

ಹಾಗೆಂದು ಈಗಿನ ಕಾನೂನನ್ನು ನಾನು ಸಮರ್ಥಿಸುತ್ತಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಗಾಂಜಾ ಸೇದಿದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ 64ಎ ಕಲಮಿನಲ್ಲಿ ವಿನಾಯಿತಿ ಇದೆ, ನಿಜ. ಆದರೆ ಕೇಸಿನ ಭಯ ಇರುವಾಗ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಪೋರ್ಚುಗಲ್‌ನಲ್ಲಿ ಸಿಕ್ಕಿಬಿದ್ದವನು ಕೋರ್ಟಿಗೆ ಹೋಗುವುದಿಲ್ಲ, ಮೂವರು ಸದಸ್ಯರ ಆಯೋಗದ ಮುಂದೆ ಕೂರುತ್ತಾನೆ. ಅಗತ್ಯವಿದ್ದರೆ ಅವರು ಚಿಕಿತ್ಸೆಗೆ ಕಳಿಸುತ್ತಾರೆ. ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಹೆರಾಯಿನ್‌ನಂಥ ಮಾದಕವಸ್ತುವನ್ನು ಸ್ವಲ್ಪ ಇಟ್ಟುಕೊಂಡವರಿಗೆ ಜೈಲು ಶಿಕ್ಷೆಯನ್ನು ತೆಗೆದುಹಾಕಿತು. ಚಿಕಿತ್ಸೆಯ ವ್ಯವಸ್ಥೆ ಮಾತ್ರ ತಡವಾಗಿ ಬಂತು. ಜನ ರೊಚ್ಚಿಗೆದ್ದು 2024ರಲ್ಲಿ ಶಿಕ್ಷೆ ಮರಳಿತು. ಆದ್ದರಿಂದ ನಿಮ್ಹಾನ್ಸ್‌ನಲ್ಲಿ ಸಿಗುವಂಥ ವ್ಯಸನ ಚಿಕಿತ್ಸೆ ಜಿಲ್ಲಾ ಆಸ್ಪತ್ರೆಗಳಿಗೆ ಬರಲಿ, ಅದರ ಜೊತೆಜೊತೆಗೇ 27ನೇ ಕಲಂ ಹೋಗಲಿ.