ಜಿಗಣೆ ಬಿಡಿಸಿದ ಮಗಳು

ಸಾಹಸ ಶಿಬಿರಕ್ಕೆ ಕಳಿಸಿದರೆ ಮಕ್ಕಳು ಗಟ್ಟಿಯಾಗುತ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ವಾಪಸ್ ಬಂದ ಮೇಲೆ ನಾವು ಹೇಗಿರುತ್ತೇವೆ ಅನ್ನೋದೂ ಮುಖ್ಯ ಅಲ್ವಾ?

ನನ್ನ ಮಗಳು ಹದಿನಾಲ್ಕನೇ ವಯಸ್ಸಿಗೆ ಅಂಥದೇ ಶಿಬಿರದಲ್ಲಿ ಕುಮಾರ ಪರ್ವತ ಹತ್ತಿದಳು. 1712 ಮೀಟರ್ ಎತ್ತರ. ಕುಕ್ಕೆ ಕಡೆಯಿಂದ ಹೊರಟರೆ ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ಬರೀ ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು. ಮನೆಗೆ ಬಂದವಳೇ ಸಾಕ್ಸ್ ಬಿಚ್ಚಿ ಕಾಲ್ಬೆರಳ ಸಂದಿಯ ಕಲೆ ತೋರಿಸಿದಳು. "ಜಿಗಣೆನ ಎಳೀಬಾರದು ಅಮ್ಮ, ಬಾಯಿ ಹತ್ರ ಉಗುರು ತೂರಿಸಿ ಮೆಲ್ಲಗೆ ಬಿಡಿಸಬೇಕು" ಅಂದಳು. ಜಿರಳೆ ಕಂಡರೆ ಕಿರುಚುತ್ತಿದ್ದ ಹುಡುಗಿ!

ಮುಂದಿನ ವಾರ ರೆಕಾರ್ಡ್ ಪುಸ್ತಕ ಮನೆಯಲ್ಲೇ ಬಿಟ್ಟು ಹೋದಳು. ನಾನು ಎಂದಿನಂತೆ ಸ್ಕೂಟರ್ ತೆಗೆದು ಶಾಲೆಗೆ ಓಡಿದೆ. ಗೇಟಿನ ಹತ್ತಿರ ಅವಳ ಮುಖ ಸಣ್ಣದಾಯಿತು. "ನಾನೇ ಮಿಸ್ ಹತ್ರ ಮಾತಾಡ್ತಿದ್ದೆ" ಅಂದಳು. ಆ ಮಾತು ಇನ್ನೂ ನನ್ನ ಎದೆಯಲ್ಲಿದೆ. ಬೆಟ್ಟ ಕೊಟ್ಟಿದ್ದನ್ನು ನಾನು ಐದು ನಿಮಿಷದಲ್ಲಿ ಕಿತ್ತುಕೊಂಡಿದ್ದೆ.

ಇನ್ನೊಂದು ಮಾತು. 1941ರಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಜೊತೆಗಾರರು ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಅನ್ನೋ ಸಾಹಸ ತರಬೇತಿ ಶಾಲೆ ಶುರು ಮಾಡಿದಾಗ ಕೋರ್ಸ್ ಸುಮಾರು ಒಂದು ತಿಂಗಳದ್ದು. ಸಮುದ್ರ, ಬೆಟ್ಟ, ಜನರನ್ನು ಕಾಪಾಡುವ ತರಬೇತಿ ಎಲ್ಲಾ ಇತ್ತು. ಈಗ ರೆಸಾರ್ಟಿನಲ್ಲಿ ಅರ್ಧ ದಿನ ಹಗ್ಗಕ್ಕೆ ನೇತುಹಾಕಿ ಫೋಟೋ ತೆಗೆಸುವುದನ್ನೂ ಸಾಹಸ ಅಂತ ಮಾರುತ್ತಿದ್ದಾರೆ. ದುಡ್ಡು ಕಟ್ಟುವ ಮೊದಲು ದಯವಿಟ್ಟು ಕೇಳಿ: ಎಷ್ಟು ಮಕ್ಕಳಿಗೆ ಒಬ್ಬ ಮಾರ್ಗದರ್ಶಿ? ಪ್ರಥಮ ಚಿಕಿತ್ಸೆ ಯಾರಿಗೆ ಗೊತ್ತು? ಮಳೆ ಜಾಸ್ತಿಯಾದರೆ ವಾಪಸ್ ಬರುವ ತೀರ್ಮಾನ ಯಾರದ್ದು?