ಕೆರೆ ಹಸಿರಾದಾಗ ನೀರಿಗಿಳಿಯುವ ಮುಂಚೆ

ಕೆರೆಯ ಆಚೆ ದಡ ಮುಟ್ಟಿ ಬರುವ ಗಟ್ಟಿ ಈಜುಗಾರನಿಗಿಂತ, ಮೆಟ್ಟಿಲ ಮೇಲೆ ಕೂತು ನೀರು ಎರಚಾಡುವ ಮೂರು ವರ್ಷದ ಕೂಸಿಗೆ ಅಪಾಯ ಹೆಚ್ಚಿರುವ ದಿನಗಳಿವೆ. ಈಜು ಅಂದ ಕೂಡಲೇ ನಮಗೆ ಆಳ, ಸೆಳವು, ಸುಳಿ, ಹೂಳು ಇವೇ ನೆನಪಾಗುತ್ತವೆ. ಅವೆಲ್ಲ ನಿಜ. ಮುಳುಗಿ ಸಾಯುವವರೇ ಇವತ್ತಿಗೂ ಹೆಚ್ಚು. ಆದರೆ ನೀರು ಹಸಿರಾದಾಗ ಲೆಕ್ಕ ತಿರುವುಮುರುವಾಗುತ್ತದೆ: ನಡುನೀರು ಎಷ್ಟೋ ವಾಸಿ, ದಡವೇ ಕೆಟ್ಟದ್ದು. ಈ ಒಂದು ಮಾತು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು ಹಾವಸೆ, ಪಾಚಿ, ಅಂತರಗಂಗೆ, ಅಜೋಲಾ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ 'ಪಾಚಿ ಕಟ್ಟಿದೆ' ಅಂದುಬಿಡುತ್ತೇವೆ. ಮೆಟ್ಟಿಲಿಗೆ ಹತ್ತಿ ಕಾಲು ಜಾರಿಸುವ ಹಾವಸೆ ಸೊಂಟ ಮುರಿಸೀತು, ಆದರೆ ವಿಷವಲ್ಲ. ನೂಲಿನಂತೆ ಉದ್ದುದ್ದ ಬೆಳೆಯುವ ಹಸಿರು ಪಾಚಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದೂ ವಿಷವಲ್ಲ. ಭಯಪಡಬೇಕಾದ್ದು ನೀಲಿ-ಹಸಿರು ಪಾಚಿಗೆ. ವಿಜ್ಞಾನದಲ್ಲಿ ಇದು ಪಾಚಿಯೂ ಅಲ್ಲ, ಬಿಸಿಲಲ್ಲಿ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಇದರಲ್ಲೂ ಎಲ್ಲವೂ ವಿಷವಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ನುಂಗುವ ಸ್ಪಿರುಲಿನಾ ಮಾತ್ರೆ ಇದೇ ಕುಲದ್ದು. ಹಸುವಿಗೆ ಹಾಕಲು ಗುಂಡಿಯಲ್ಲಿ ಬೆಳೆಸುವ ಅಜೋಲಾದ ಎಲೆಯೊಳಗೂ ಇದರ ಒಂದು ಜಾತಿ ಸುಮ್ಮನೆ ಬಾಳಿಕೊಂಡಿದೆ. ಕೆರೆಯಲ್ಲಿ ತೊಂದರೆ ಕೊಡುವ ಮುಖ್ಯ ಜಾತಿ ಮೈಕ್ರೊಸಿಸ್ಟಿಸ್. ಇದರ ವಿಷ ಮೈಕ್ರೊಸಿಸ್ಟಿನ್, ಹೊಡೆತ ಬೀಳುವುದು ಪಿತ್ತಜನಕಾಂಗಕ್ಕೆ. ಮಣಿಸರದಂತೆ ಕಾಣುವ ಅನಬೀನಾದ ಕೆಲವು ತಳಿಗಳು ನರಕ್ಕೆ ಹೊಡೆಯುವ ವಿಷ ಮಾಡುತ್ತವೆ.

ನೀಲಿ-ಹಸಿರು ಪಾಚಿ ಉಕ್ಕಲು ಬೇಕಾದ್ದು ನಾಲ್ಕೇ: ಬಿಸಿಲು, 25 ಡಿಗ್ರಿ ದಾಟಿದ ನೀರು, ಅಲುಗಾಡದ ಮೇಲ್ಮೈ, ಗೊಬ್ಬರದ ಸಾರ. ನಮ್ಮ ಸೀಮೆಯಲ್ಲಿ ಮೊದಲ ಮೂರು ಪುಕ್ಕಟೆ. ನಾಲ್ಕನೆಯದನ್ನು ನಾವೇ ಕೊಡುತ್ತೇವೆ. 50 ಕೆಜಿಯ ಒಂದು ಚೀಲ ಡಿಎಪಿ ಗೊಬ್ಬರದಲ್ಲಿ ಸುಮಾರು 10 ಕೆಜಿ ರಂಜಕ ಇರುತ್ತದೆ. ಲೀಟರಿಗೆ 35 ಮೈಕ್ರೋಗ್ರಾಂ ರಂಜಕ ದಾಟಿತೆಂದರೆ ಪಾಚಿ ಉಕ್ಕಲು ಆ ನೀರು ಹದವಾಯಿತು ಎಂದು ಲೆಕ್ಕ. ಹಾಗಾದರೆ ಒಂದು ಚೀಲದ ರಂಜಕ ಪೂರ್ತಿ ಕೆರೆ ಸೇರಿದರೆ ಸುಮಾರು 28 ಕೋಟಿ ಲೀಟರ್ ನೀರನ್ನು ಆ ಗೆರೆಗೆ ತಂದು ನಿಲ್ಲಿಸಬಲ್ಲದು. ಪೂರ್ತಿ ಸೇರುವುದಿಲ್ಲ ನಿಜ, ಬಹುಪಾಲು ಮಣ್ಣಿಗೆ ಅಂಟಿಕೊಳ್ಳುತ್ತದೆ. ಆದರೆ ಆ ಮಣ್ಣೇ ಮಳೆಯಲ್ಲಿ ಕೊಚ್ಚಿ ಕೆರೆಗೆ ಬರುತ್ತದೆ, ಹೂಳು ಅಂದರೆ ಅದೇ ತಾನೆ? ಊರಿನ ಚರಂಡಿ ನೀರು ಕೆರೆಗೆ ತಿರುಗಿದ್ದರೆ ಡಿಎಪಿಯ ಲೆಕ್ಕವೇ ಬೇಡ.

ಸೂಳೆಕೆರೆ, ಅಂದರೆ ಶಾಂತಿಸಾಗರದಂಥ ಹರವಾದ, ಹೂಳು ತುಂಬಿ ಆಳ ಕಳೆದುಕೊಂಡ ಕೆರೆ ಬೇಸಿಗೆಯಲ್ಲಿ ಬೇಗ ಕಾಯುತ್ತದೆ. ಗಾಳಿ ಎದ್ದಾಗ ತಳದ ಹೂಳು ಕದಡಿ, ಅಡಗಿದ್ದ ರಂಜಕ ಮತ್ತೆ ನೀರಿಗೆ ಬಿಡುತ್ತದೆ. ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ ಕಥೆ ಬೇರೆ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರಲ್ಲಿ, ಮತ್ತೆ 2025ರಲ್ಲಿ. ನೀರು ಬಹಳ ಕಾಲ ನಿಲ್ಲುವ ಇಂಥ ಜಲಾಶಯದಲ್ಲಿ ಕಾಲುವೆಗೆ, ಕುಡಿಯಲು ಹೋದದ್ದು ಬಿಟ್ಟರೆ ಬಂದ ಸಾರವೆಲ್ಲ ಒಳಗೇ ಉಳಿಯುತ್ತದೆ. ಅಲ್ಲಿ ಪಾಚಿ ಎದ್ದಿದೆ ಅಂತ ನಾವು ಹೇಳುತ್ತಿಲ್ಲ, ಕೋಡಿ ಹರಿಯದ ನೀರಿನ ಸ್ವಭಾವ ಹೇಳುತ್ತಿದ್ದೇವೆ ಅಷ್ಟೇ. ಚಿತ್ರದುರ್ಗದ ಹೊಂಡಗಳಂತೆ ಸುತ್ತ ಕಲ್ಲು ಕಟ್ಟಿದ ನೀರಿನಲ್ಲಿ ಗಾಳಿಯೂ ಆಡುವುದಿಲ್ಲ. ಹರಿಹರದಲ್ಲಿ ತುಂಗಭದ್ರೆ ಹರಿಯುವಷ್ಟು ದಿನ ಚಿಂತೆ ಕಡಿಮೆ, ಏಪ್ರಿಲ್‌ನಲ್ಲಿ ನದಿ ಬತ್ತಿ ಮಡುಗಳಾದಾಗ ಅದೂ ಕೆರೆಯೇ. ಭದ್ರಾ ನಾಲೆಯಲ್ಲಿ ಪಾಚಿಯ ಭಯವಿಲ್ಲ, ಅಲ್ಲಿ ಸೆಳವಿನ ಭಯವೇ ಸಾಕು.

ಈಗ ದಡದ ವಿಷಯ. ಮೈಕ್ರೊಸಿಸ್ಟಿಸ್ ಕೋಶದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ, ಈಜು ಕಲಿಯುವ ಹುಡುಗರ ಬೆನ್ನಿಗೆ ಕಟ್ಟುವ ಸೋರೆಬುರುಡೆಯ ಹಾಗೆ. ಹಗಲು ಬಿಸಿಲಲ್ಲಿ ಹಿಟ್ಟು ಸಕ್ಕರೆ ಕೂಡಿಟ್ಟು ಭಾರವಾಗಿ ಕೆಳಗಿಳಿಯುತ್ತದೆ. ರಾತ್ರಿ ಅದನ್ನು ಉರಿಸಿ ಹಗುರಾಗಿ ಮೇಲೇಳುತ್ತದೆ. ಗಾಳಿಯಿಲ್ಲದ ರಾತ್ರಿಯಾದರೆ ಬೆಳಗಿನ ಜಾವಕ್ಕೆ ಕೆರೆಯ ಮೇಲೆ ಕೆನೆ ಕಟ್ಟಿರುತ್ತದೆ. ಬೆಳಿಗ್ಗೆ ಆರಕ್ಕೆ 'ನೀರು ತಿಳಿಯಾಗಿರುತ್ತೆ' ಅಂತ ಬರುವವರಿಗೆ ಕೆನೆ ಸಿಗುವುದೇ ಅದೇ ಹೊತ್ತಿಗೆ. ಆಮೇಲೆ ಮೆಲ್ಲಗೆ ಗಾಳಿ ಬೀಸಿ ಆ ಕೆನೆಯನ್ನೆಲ್ಲ ಒಂದು ದಡಕ್ಕೆ ತಳ್ಳುತ್ತದೆ. ಪಡುವಣ ಗಾಳಿಯಾದರೆ ಮೂಡಣ ದಡಕ್ಕೆ. ಇಡೀ ಕೆರೆಯ ವಿಷ ಹತ್ತಡಿ ಅಗಲದ ಪಟ್ಟಿಯಲ್ಲಿ ಗುಡ್ಡೆ ಬೀಳುತ್ತದೆ, ನಡುನೀರಿಗಿಂತ ನೂರರಿಂದ ಸಾವಿರ ಪಟ್ಟು ದಟ್ಟವಾಗಿ. ಆ ಪಟ್ಟಿಯಲ್ಲೇ ಮಕ್ಕಳು ಆಡುತ್ತವೆ, ದನ ನೀರು ಕುಡಿಯುತ್ತವೆ, ಬಟ್ಟೆ ಒಗೆಯುತ್ತಾರೆ. 1878ರಲ್ಲಿ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಕೆರೆಯ ಬಗ್ಗೆ ಜಾರ್ಜ್ ಫ್ರಾನ್ಸಿಸ್ ಎಂಬ ರಸಾಯನಶಾಸ್ತ್ರಜ್ಞ ಬರೆದದ್ದೂ ಇದನ್ನೇ: ದಡಕ್ಕೆ ಬಂದು ಕೂತ ಹಸಿರು ಬಣ್ಣದಂಥ ಕೆನೆ, ಅದನ್ನು ಕುಡಿದು ಸತ್ತ ಜಾನುವಾರು.

ಎಷ್ಟು ಕುಡಿದರೆ ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆ ಈಜುವ ನೀರಿಗೆ ಲೀಟರಿಗೆ 24 ಮೈಕ್ರೋಗ್ರಾಂ ಮೈಕ್ರೊಸಿಸ್ಟಿನ್ ಎಂದು ಮಿತಿ ಇಟ್ಟಿದೆ. ಇದನ್ನು ಲೆಕ್ಕ ಹಾಕಿದ್ದು ದೊಡ್ಡವರಿಗಲ್ಲ, 15 ಕೆಜಿ ತೂಕದ ಮಗು ಆಡುತ್ತಾ 250 ಮಿಲಿ ನೀರು ನುಂಗುತ್ತದೆ ಎಂದು ಹಿಡಿದು. ಅಂದರೆ ಆ ಮಗುವಿಗೆ 6 ಮೈಕ್ರೋಗ್ರಾಂ ಮಿತಿ. ದಡದ ಕೆನೆಯಲ್ಲಿ ಲೀಟರಿಗೆ ಸಾವಿರಾರು ಮೈಕ್ರೋಗ್ರಾಂ ಇರಬಲ್ಲದು. 2,400 ಇದೆ ಎಂದಿಟ್ಟುಕೊಳ್ಳಿ, ಅರ್ಧ ಟೀ ಚಮಚ ನೀರಿಗೇ ಮಗು ಮಿತಿ ಮುಟ್ಟುತ್ತದೆ. ಮಿತಿ ದಾಟಿದ ಕೂಡಲೇ ಸಾವು ಅಂತಲ್ಲ, ಅದು ಎಚ್ಚರಿಕೆಯ ಗೆರೆ. ಆದರೂ ಅರ್ಧ ಚಮಚ ನುಂಗದ ಮಗು ಯಾವ ಕೆರೆಯಲ್ಲಿದೆ?

ಹಾಗಾಗಿ ನೀರಿಗಿಳಿಯುವ ಮುಂಚೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ, ಅದು ಮುಟ್ಟುವ ದಡಕ್ಕೆ ನಡೆದು ಹೋಗಿ ನೋಡಿ. ಇಳಿಯುವ ಜಾಗವನ್ನಷ್ಟೇ ನೋಡಿದರೆ ಕೆರೆ ನೋಡಿದಂತಾಗಲಿಲ್ಲ. ಹಸಿರು ಪೇಂಟ್ ಚೆಲ್ಲಿದಂತೆ, ಬಟಾಣಿ ರುಬ್ಬಿ ಸುರಿದಂತೆ ಕಂಡರೆ ಅನುಮಾನ ಪಡಿ. ಸಾಯುತ್ತಿರುವ ಕೆನೆ ಅಂಚಿನಲ್ಲಿ ಆಕಾಶನೀಲಿ ಬಣ್ಣ ಬಿಡುತ್ತದೆ, ಅದು ಖಚಿತ ಗುರುತು. ವಾಸನೆ ನಂಬಬೇಡಿ. ಮೊದಲ ಮಳೆಯ ಮಣ್ಣಿನಂಥ ವಾಸನೆಗೆ ಕಾರಣ ಬೇರೊಂದು ವಸ್ತು, ವಿಷಕ್ಕೆ ವಾಸನೆಯಿಲ್ಲ, ರುಚಿಯೂ ಇಲ್ಲ.

ಒಂದು ಕೋಲು ತಗೊಂಡು ಎತ್ತಿ. ಕೂದಲಿನ ಹಾಗೆ ಎಳೆಎಳೆಯಾಗಿ ಜೋತುಬಿದ್ದರೆ ನೂಲುಪಾಚಿ. ಸಣ್ಣ ಎಲೆ, ಬೇರು ಕಂಡರೆ ಅಜೋಲಾ ಇಲ್ಲವೇ ನೀರ ಮೇಲೆ ತೇಲುವ ಬೇರೆ ಗಿಡ. ಕೋಲನ್ನು ಬಣ್ಣದ ಡಬ್ಬಿಗೆ ಅದ್ದಿ ತೆಗೆದಂತೆ ಮೆತ್ತಿಕೊಂಡರೆ ಆ ದಿನ ಈಜು ಬೇಡ.

ಅನುಮಾನ ಉಳಿದರೆ ಬಾಟಲಿ ಪರೀಕ್ಷೆ ಮಾಡಿ. ಕೈಗೆ ರಬ್ಬರ್ ಗವಸು ಹಾಕಿ, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೇಲಿನ ಕೆನೆ ಬಿಟ್ಟು ಸ್ವಲ್ಪ ಕೆಳಗಿನ ನೀರು ಮುಕ್ಕಾಲು ಭಾಗ ತುಂಬಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಹೊರಗೆ ಅಂಟಿದ್ದನ್ನು ತೊಳೆದು, ತಂಪಾದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ಹಸಿರು ಮೇಲೆ ಬಂದು ಬಾಟಲಿಯ ಕತ್ತಿಗೆ ಉಂಗುರ ಕಟ್ಟಿದ್ದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಬಹಳ. ತಳಕ್ಕೆ ಕೂತಿದ್ದರೆ ಬೇರೆ ಜಾತಿ ಇರಬಹುದು, ಆದರೂ ಪೂರಾ ನಂಬುವಂತಿಲ್ಲ, ತೇಲದ ಜಾತಿಗಳೂ ಇವೆ. ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಜಾತಿ ತಿಳಿಯುತ್ತದೆ. ವಿಷ ಇದೆಯೋ ಇಲ್ಲವೋ ಹೇಳಲು ಪ್ರಯೋಗಾಲಯವೇ ಬೇಕು. ಅದಕ್ಕೆ ಕಳಿಸುವ ನೀರು ಗಾಜಿನ ಬಾಟಲಿಯಲ್ಲಿ, ಬೆಳಕು ತಾಗದಂತೆ ಕಾಗದ ಸುತ್ತಿ, ಮಂಜುಗಡ್ಡೆಯ ಜೊತೆ ಹೋಗಲಿ. ಕೆಲವು ಪ್ಲಾಸ್ಟಿಕ್‌ಗಳಿಗೆ ಈ ವಿಷ ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ.

ಮೊಣಕಾಲುದ್ದ ನೀರಲ್ಲಿ ನಿಂತು ಪಾದ ಕಾಣುತ್ತದೆಯೇ ನೋಡುವುದು ಬಹಳ ದೇಶಗಳಲ್ಲಿ ಹೇಳಿಕೊಡುವ ಉಪಾಯ. ನಮ್ಮಲ್ಲಿ ಮಳೆ ಬಂದಮೇಲೆ ಕೆಮ್ಮಣ್ಣಿನ ನೀರಲ್ಲಿ ಪಾದ ಹೇಗೂ ಕಾಣುವುದಿಲ್ಲ. ಆಗ ಬಿಳಿ ಬಟ್ಟಲಲ್ಲಿ ನೀರು ತೆಗೆದು ಹತ್ತು ನಿಮಿಷ ಬಿಡಿ, ಕೆಂಪು ಕೆಳಗೆ ಇಳಿಯಲು ಶುರುವಾಗುತ್ತದೆ, ಹಸಿರು ಚುಕ್ಕೆಗಳು ಮೇಲೆ ಉಳಿಯುತ್ತವೆ.

ಕೆನೆ ಇಲ್ಲ, ನೀರು ಮಾತ್ರ ತುಸು ಹಸಿರು, ಈಜಲೇಬೇಕು ಅನ್ನುವವರಿಗೆ: ಗಾಳಿ ಬರುವ ಕಡೆಯ ದಡದಿಂದ ಇಳಿಯಿರಿ, ತಲೆ ಮೇಲೆತ್ತಿ ಈಜಿ, ದೋಣಿಯ ಮೋಟಾರಿನ ಹಿಂದೆ ಹೋಗಬೇಡಿ, ಅದರ ತುಂತುರು ಮೂಗಿಗೆ ಹೋಗುತ್ತದೆ. ಬಿಗಿಯಾದ ಈಜುಡುಗೆಯೊಳಗೆ ಪಾಚಿ ಸಿಕ್ಕಿ ಚರ್ಮಕ್ಕೆ ಉಜ್ಜುವುದರಿಂದ ಗಂಧೆ ಬಹುಪಾಲು ಬಟ್ಟೆಯ ಅಡಿಯಲ್ಲೇ ಏಳುತ್ತದೆ. ಐದು ಲೀಟರ್ ಕ್ಯಾನಿನಲ್ಲಿ ಮನೆಯಿಂದ ನೀರು ತಂದಿಟ್ಟುಕೊಳ್ಳಿ, ಮೇಲೆ ಬಂದ ತಕ್ಷಣ ಉಡುಪು ಬಿಚ್ಚಿ ಮೈ ತೊಳೆಯಿರಿ, ಬಾಯಿ ಮುಕ್ಕಳಿಸುವುದೂ ಅದೇ ನೀರಲ್ಲಿ. ಮಕ್ಕಳಿಗೆ ಈ ರಿಯಾಯಿತಿ ಇಲ್ಲ, ಅವರು ಅಂಥ ನೀರಿಗೆ ಇಳಿಯುವುದೇ ಬೇಡ. ಇಳಿಯಬಾರದೆಂದು ಬೋರ್ಡ್ ಹಾಕಿದ ಜಲಾಶಯ, ತೂಬಿನ ಹತ್ತಿರದ ನೀರು, ಇವು ಹಸಿರಿರಲಿ ಬಿಡಲಿ ಬೇಡ.

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚನ್ನಗಿರಿ ಕಡೆ ಅಡಿಕೆ ತೋಟವಿರುವ ಮನೆಯಲ್ಲೆಲ್ಲ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಇರುತ್ತದೆ. ಪಾಚಿ ಸಾಯಲಿ ಅಂತ ಅದನ್ನು ಗೋಕಟ್ಟೆಗೆ, ಕೆರೆಗೆ ಎರಚುವ ಯೋಚನೆ ಯಾರಿಗಾದರೂ ಬರುತ್ತದೆ. ಪಾಚಿ ಸಾಯುತ್ತದೆ, ನೀರು ತಿಳಿಯಾಗುತ್ತದೆ, ಆದರೆ ಕೋಶ ಒಡೆದು ಒಳಗಿದ್ದ ವಿಷವೆಲ್ಲ ನೀರಿಗೆ ಬೆರೆಯುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟಿಗೆ ಮೈಲುತುತ್ತ ಹಾಕಿದ ಮೇಲೆ 148 ಜನ ಹಾಸಿಗೆ ಹಿಡಿದರು, ಅವರಲ್ಲಿ 138 ಮಕ್ಕಳು. ಕುದಿಸಿದರೂ ಹೀಗೇ: ಕೋಶ ಒಡೆಯುತ್ತದೆ, ಮೈಕ್ರೊಸಿಸ್ಟಿನ್ ಹಾಗೇ ಉಳಿಯುತ್ತದೆ. ಕೆನೆ ತಾನಾಗಿ ಕರಗಿದ ಮೇಲೂ ಕನಿಷ್ಠ ಎರಡು ವಾರ ಬಿಟ್ಟು ಇಳಿಯಿರಿ ಎನ್ನುವುದು ನಮ್ಮ ಅಭಿಪ್ರಾಯ. ತಿಳಿನೀರು ಕಂಡು ಮೋಸ ಹೋಗುವುದು ಈ ಹಂತದಲ್ಲೇ.

ಈಜಿ ಬಂದ ಮೇಲೆ ಕೆಲವು ಗಂಟೆಯಿಂದ ಎರಡು ದಿನದೊಳಗೆ ಗಂಧೆ, ಕಣ್ಣುರಿ, ಗಂಟಲು ಕೆರೆತ, ವಾಂತಿ, ಭೇದಿ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಯಾವ ಕೆರೆ, ಯಾವ ಹೊತ್ತು, ನೀರು ಹೇಗಿತ್ತು, ಎಷ್ಟು ನುಂಗಿರಬಹುದು, ಇಷ್ಟು ನೀವಾಗಿಯೇ ಹೇಳಬೇಕು. ಹೇಳದಿದ್ದರೆ ಅವರು ಹೋಟೆಲ್ ಊಟ ಎಂದುಕೊಳ್ಳುತ್ತಾರೆ. ಫೋನಿನಲ್ಲಿ ನೀರಿನ ಫೋಟೊ ಇದ್ದರೆ ತೋರಿಸಿ. ಇದಕ್ಕೆ ಪ್ರತಿವಿಷ ಅಂತ ಒಂದಿಲ್ಲ. ನೀರಿನಂಶ ಕಾಪಾಡುವುದು, ಪಿತ್ತಜನಕಾಂಗದ ರಕ್ತಪರೀಕ್ಷೆ ಮಾಡಿ ಗಮನಿಸುವುದೇ ಚಿಕಿತ್ಸೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಕಣ್ಣು ಹಳದಿಯಾದರೆ, ಕೈಕಾಲು ಜೋಮು ಹಿಡಿದರೆ, ಉಸಿರು ಕಟ್ಟಿದರೆ 108. ವಾರ ಕಳೆದು ಮೈಕೈ ನೋವು, ಮೀನಖಂಡದ ನೋವಿನ ಜೊತೆ ಜ್ವರ ಬಂದರೆ ಅದು ಪಾಚಿಯಲ್ಲ, ಇಲಿಜ್ವರ ಇರಬಹುದು. ಅದಕ್ಕೆ ಔಷಧ ಇದೆ, ತಡ ಮಾಡಬಾರದು.

ಕೆನೆ ಇದ್ದಾಗ ಹಿಡಿದ ಮೀನಿನ ಕರುಳು, ಪಿತ್ತಜನಕಾಂಗದಲ್ಲಿ ವಿಷ ಹೆಚ್ಚು ಸೇರಿರುತ್ತದೆ, ಮಾಂಸದಲ್ಲಿ ಕಡಿಮೆ. ಒಳಗಿನದನ್ನೆಲ್ಲ ತೆಗೆದೆಸೆದು, ಕೊಳಾಯಿ ನೀರಲ್ಲಿ ತೊಳೆದು, ಆಮೇಲೆ ಅಡುಗೆ. ದನಗಳಿಗೆ ಆ ವಾರ ಬೋರ್‌ವೆಲ್ ತೊಟ್ಟಿಯ ನೀರೇ ಆಗಲಿ. ನಾಯಿ ಜೊತೆ ಬಂದಿದ್ದರೆ ನಿಮಗಿಂತ ಮೊದಲು ಅದನ್ನು ತೊಳೆಯಿರಿ. ನೀರಲ್ಲಿದ್ದಾಗ ಕುಡಿದದ್ದು ಸಾಲದೆಂಬಂತೆ ಅದು ದಡಕ್ಕೆ ಬಂದು ಮೈಯ ಕೂದಲಿಗೆ ಹತ್ತಿದ ಕೆನೆಯನ್ನೆಲ್ಲ ನೆಕ್ಕುತ್ತದೆ. ತೂರಾಡಿದರೆ, ಜೊಲ್ಲು ಸುರಿಸಿದರೆ ಪಶುವೈದ್ಯರ ಬಳಿ ಹೋಗಲು ಗಂಟೆಗಟ್ಟಲೆ ಸಮಯ ಇರುವುದಿಲ್ಲ, ಹೊರಡುವಾಗಲೇ ಫೋನ್ ಮಾಡಿ ಪಶು ಸಹಾಯವಾಣಿ 1962ಕ್ಕೆ.