ಸಣ್ಣ ಊರಿನ ಪೊಲೀಸರಿಗೆ ಊರವರಿಂದ ಪ್ರಶಸ್ತಿ: ಬೇಕೇ, ಬೇಡವೇ?

ಒಂದೇ ಠಾಣೆ, ಹತ್ತು ಹನ್ನೆರಡು ಮಂದಿ ಸಿಬ್ಬಂದಿ, ಎಲ್ಲರಿಗೂ ಎಲ್ಲರ ಗುರುತಿರುವ ಊರು. ಅಂಥಲ್ಲಿ ಒಳ್ಳೆಯ ಕೆಲಸ ಮಾಡಿದ ಪೊಲೀಸರನ್ನು ಊರವರೇ ಸೇರಿ ಬಹಿರಂಗವಾಗಿ ಗೌರವಿಸಬೇಕೇ?

ಪರ: ನಡೆಯದೇ ಉಳಿದದ್ದಕ್ಕೂ ಒಂದು ದಾಖಲೆ ಬೇಕು

ಠಾಣೆಯ ಕಡತಗಳಲ್ಲಿ ಇರುವುದು ನಡೆದುಹೋದ ಅಪರಾಧಗಳ ಲೆಕ್ಕ. ನಡೆಯದೇ ಉಳಿದವಕ್ಕೆ ಪುಸ್ತಕವಿಲ್ಲ. ಬೇಲಿಯ ಜಗಳ ಹೊಡೆದಾಟಕ್ಕೆ ತಿರುಗುವ ಮೊದಲೇ ಎರಡೂ ಮನೆಯ ಹಿರಿಯರನ್ನು ಕೂರಿಸಿ ಮಾತಾಡಿಸಿದ ಪೇದೆಯ ಆ ಇಡೀ ಸಂಜೆ ದಿನಚರಿಯಲ್ಲಿ ‘ಗಸ್ತು, ವಿಶೇಷವಿಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. 1829ರಲ್ಲಿ ಬ್ರಿಟನ್ನಿನ ಗೃಹ ಸಚಿವ ರಾಬರ್ಟ್ ಪೀಲ್ ಲಂಡನ್ನಿನ ಪೊಲೀಸ್ ಪಡೆ ಕಟ್ಟಿದಾಗ ಮೊದಲ ತಂಡಕ್ಕೆ ಕೊಟ್ಟ ಸೂಚನೆಯಲ್ಲೇ ಅಪರಾಧ ತಡೆಯುವುದು ಮುಖ್ಯ ಗುರಿ ಎಂದಿತ್ತು. ಇನ್ನೂರು ವರ್ಷವಾಗುತ್ತ ಬಂದರೂ ತಡೆದದ್ದನ್ನು ಎಣಿಸುವ ಬಗೆ ಯಾವ ಇಲಾಖೆಗೂ ನೆಟ್ಟಗೆ ಸಿಕ್ಕಿಲ್ಲ. ಸಣ್ಣ ಊರಿನಲ್ಲಿ ಮಾತ್ರ ಅದಕ್ಕೆ ಸಾಕ್ಷಿಗಳಿರುತ್ತಾರೆ. ಕಿಟಕಿಯಿಂದ ನೋಡಿದವರಿರುತ್ತಾರೆ, ಆ ಮಾತುಕತೆಯಲ್ಲಿ ಕೂತು ಎದ್ದವರಿರುತ್ತಾರೆ. ಅವರ ಬಾಯಲ್ಲಿರುವುದನ್ನು ಕಾಗದಕ್ಕಿಳಿಸುವ ದಾರಿಯೇ ಈ ಪ್ರಶಸ್ತಿ.

ಸರ್ಕಾರದ ಪದಕಗಳಿವೆಯಲ್ಲ ಎನ್ನಬಹುದು. ಬ್ರಿಟನ್ನಿನ ದೊರೆ ಪೊಲೀಸರಿಗೆಂದೇ ಪದಕ ಸ್ಥಾಪಿಸಿದ್ದು 1909ರಲ್ಲಿ. ಆಮೇಲೆ ಇಂಥವು ಎಲ್ಲ ಕಡೆ ಹುಟ್ಟಿಕೊಂಡವು. ಆದರೆ ಅವು ಬರುವುದು ಮೇಲಿನಿಂದ, ಮೇಲಧಿಕಾರಿಗಳ ಶಿಫಾರಸಿನ ಮೇಲೆ. ಮೂಲೆಯ ಠಾಣೆಯ ಕಾವಲು ಪೇದೆಯ ತನಕ ಅವು ಇಳಿಯುವುದು ಅಪರೂಪ.

ಇಂಥ ಪ್ರಶಸ್ತಿಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ‘ವರ್ಷದ ಅತ್ಯುತ್ತಮ ಪೊಲೀಸ್’ ಎಂದು ಹೆಸರಿಡುವುದು. ಹನ್ನೆರಡು ಮಂದಿಯ ಠಾಣೆಯಲ್ಲಿ ಅದು ಮೂರನೆಯ ವರ್ಷಕ್ಕೆ ಸರದಿಯಾಗುತ್ತದೆ, ಐದನೆಯ ವರ್ಷಕ್ಕೆ ‘ಈ ಸಲ ಯಾರ ಪಾಳಿ?’ ಎಂಬ ತಮಾಷೆಯಾಗುತ್ತದೆ. ಹೆಸರು ಬರದ ಹನ್ನೊಂದು ಜನ ಒಳಗೊಳಗೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ಗೌರವಿಸಬೇಕಾದ್ದು ವ್ಯಕ್ತಿಯನ್ನಲ್ಲ, ಒಂದು ನಿರ್ದಿಷ್ಟ ಕೆಲಸವನ್ನು. ಅಂಥ ಕೆಲಸ ವರ್ಷಕ್ಕೆ ನಾಲ್ಕು ನಡೆದರೆ ನಾಲ್ಕು ಪತ್ರ ಕೊಡಿ, ಒಂದೂ ಇಲ್ಲದಿದ್ದರೆ ಆ ವರ್ಷ ಕಾರ್ಯಕ್ರಮವೇ ಬೇಡ. ಖಾಲಿ ಬಿಡುವ ಧೈರ್ಯ ಇಲ್ಲದ ಸಮಿತಿ ಈ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ನಾಮನಿರ್ದೇಶನದ ನಮೂನೆ ಒಂದು ಪುಟ ದಾಟಬಾರದು. ನಾಲ್ಕೇ ಪ್ರಶ್ನೆ: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ? ಅವರು ಏನು ಮಾಡಿದರು? ಕರ್ತವ್ಯದ ಮಾಮೂಲಿ ಭಾಗ ಯಾವುದು, ಅದಕ್ಕೆ ಮೀರಿದ್ದು ಯಾವುದು? ನಿಮ್ಮ ಹೊರತು ಇನ್ನಾರು ಕಂಡಿದ್ದಾರೆ? ಎರಡನೆಯ ಪ್ರಶ್ನೆಗೆ ‘ಜನಸ್ನೇಹಿ’, ‘ದಕ್ಷ’ ಎಂಬ ಉತ್ತರ ಬಂದರೆ ನಮೂನೆ ವಾಪಸ್. ಬೇಕಾದ್ದು ಕ್ರಿಯಾಪದ: ಓಡಿದರು, ಕರೆದರು, ಕಾದರು, ಬಾಗಿಲು ಒಡೆದರು.

ಬಂದದ್ದನ್ನು ತಾಳೆ ನೋಡುವ ಕೆಲಸಕ್ಕೆ ಒಬ್ಬರನ್ನು ನೇಮಿಸಬೇಕು. ಕರೆ ಬಂದ ಸಮಯ, ವೈರ್‌ಲೆಸ್ ದಾಖಲೆ, ಪಾಳಿ ಪಟ್ಟಿ, ಠಾಣಾ ದಿನಚರಿ, ಈ ನಾಲ್ಕನ್ನು ಒಟ್ಟಿಗಿಟ್ಟರೆ ಅತಿಶಯೋಕ್ತಿ ತಾನಾಗಿ ಉದುರುತ್ತದೆ. ಹಾಗೆಯೇ ಬಿಟ್ಟುಹೋದ ಹೆಸರೂ ಸಿಗುತ್ತದೆ. ಹೊರಗೆ ಓಡಿದವನ ಹಿಂದೆ, ಫೋನಿನಲ್ಲಿ ಆರು ನಿಮಿಷ ಅಳುವ ಹೆಂಗಸಿನ ಜೊತೆ ಮಾತಾಡುತ್ತ ಮನೆಯ ಗುರುತು ಕೇಳಿ ತಿಳಿದವಳು ಒಬ್ಬಳಿರುತ್ತಾಳೆ. ಇಂಥ ಎಲೆಮರೆಯ ಕಾಯಿಗಳನ್ನು ಹುಡುಕಿ ಸೇರಿಸದ ಪ್ರಶಸ್ತಿ ಅರ್ಧ ಸುಳ್ಳು.

ಪರಿಶೀಲಿಸಲು ಎಲ್ಲಕ್ಕಿಂತ ಸುಲಭವಾದದ್ದು ಜೀವ ಉಳಿಸಿದ ಕೆಲಸ. ಊರು ಸಣ್ಣದಾದಷ್ಟೂ ಆಂಬುಲೆನ್ಸ್ ದೂರ, ಗಸ್ತುವಾಹನ ಹತ್ತಿರ. ಹೃದಯ ನಿಂತವರಿಗೆ ಎದೆ ಒತ್ತುವವರೂ ಇಲ್ಲದೆ, ವಿದ್ಯುತ್ ಆಘಾತವೂ ಸಿಗದೆ ಕಳೆದ ಪ್ರತಿ ನಿಮಿಷ ಬದುಕುವ ಸಾಧ್ಯತೆಯನ್ನು ಶೇ. 7ರಿಂದ 10ರಷ್ಟು ಕಡಿಮೆ ಮಾಡುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಎದೆ 5ರಿಂದ 6 ಸೆಂಟಿಮೀಟರ್ ಇಳಿಯುವಂತೆ ಒತ್ತುವುದು ಎರಡು ನಿಮಿಷಕ್ಕೇ ತೋಳು ಸೋಲಿಸುವ ಕೆಲಸ. ಆ ಆಘಾತ ಕೊಡುವ ಎಇಡಿ ಯಂತ್ರ ಬಳಸಿದ್ದರೆ ಅದರ ಸ್ಮೃತಿಯಲ್ಲೇ ಸಮಯಸಹಿತ ದಾಖಲೆ ಇರುತ್ತದೆ. ಇನ್ನೊಂದು ಮಾತು: ರೋಗಿ ಉಳಿಯದಿದ್ದರೂ ಒತ್ತಿದ ಕೈಗೆ ಅದೇ ಗೌರವ ಸಲ್ಲಬೇಕು. ಫಲಿತಾಂಶ ಆ ಪೇದೆಯ ಕೈಯಲ್ಲಿರಲಿಲ್ಲ.

ಪ್ರಶಂಸಾಪತ್ರದ ಒಕ್ಕಣೆ ನೂರು ಪದದೊಳಗೆ ಇರಲಿ. ‘ತಮ್ಮ ಅಪ್ರತಿಮ ಕರ್ತವ್ಯನಿಷ್ಠೆಯಿಂದ ಸಮಾಜಕ್ಕೆ ಮಾದರಿಯಾಗಿರುವ ತಮಗೆ’ ಎಂಬ ಸಾಲು ಯಾರಿಗಾದರೂ ಹೊಂದುತ್ತದೆ, ಆದ್ದರಿಂದ ಯಾರಿಗೂ ಸೇರುವುದಿಲ್ಲ. ‘ರಾತ್ರಿ 2.10ಕ್ಕೆ ಸೇತುವೆಯ ಮೇಲೆ ನೀರು ಏರುವುದನ್ನು ಕಂಡು, ತಡೆಗೋಲು ಇಲ್ಲದ್ದರಿಂದ ಗಸ್ತುವಾಹನವನ್ನೇ ಅಡ್ಡ ನಿಲ್ಲಿಸಿ, ಬೆಳಗಿನ ತನಕ ಟಾರ್ಚ್ ಹಿಡಿದು ವಾಹನಗಳನ್ನು ಹಿಂತಿರುಗಿಸಿದರು’ ಎಂಬಂಥ ಸಾಲು ಒಬ್ಬರದೇ ಆಗುತ್ತದೆ. ಸಂತ್ರಸ್ತರ ಹೆಸರು, ವಿಳಾಸ, ಕಾಯಿಲೆ ಒಕ್ಕಣೆಯಲ್ಲಿ ಬರಬಾರದು. ಬರಲೇಬೇಕೆಂದರೆ ಲಿಖಿತ ಒಪ್ಪಿಗೆ ಬೇಕು.

ಸಮಿತಿಗೆ ಐದು ಜನ ಸಾಕು. ಠಾಣೆಯಲ್ಲಿ ದೂರು, ಪ್ರಕರಣ, ಪರವಾನಗಿ ಅರ್ಜಿ ಬಾಕಿ ಇರುವವರು ಕೂರಬಾರದು. ಶಿಸ್ತುಕ್ರಮದ ವಿಚಾರಣೆ ಇದೆಯೇ ಎಂದು ಎರಡು ಸಲ ಕೇಳಬೇಕು, ಪಟ್ಟಿ ಮಾಡುವಾಗ ಒಮ್ಮೆ, ಕೊಡುವ ದಿನ ಬೆಳಗ್ಗೆ ಮತ್ತೊಮ್ಮೆ. ಘಟನೆ ನಡೆದ ಮೂರು ತಿಂಗಳೊಳಗೆ ಕೊಟ್ಟರೆ ಊರಿಗೆ ನೆನಪಿರುತ್ತದೆ. ಆ ಸಂಜೆ ಠಾಣೆ ಬರಿದಾಗದಂತೆ ಪಾಳಿ ಹೊಂದಿಸುವುದನ್ನು ಮರೆಯುವ ಸಂಘಟಕರೇ ಹೆಚ್ಚು. ರಾತ್ರಿ ಪಾಳಿ ಮುಗಿಸಿದವರನ್ನು ಮಧ್ಯಾಹ್ನ ಎರಡು ಗಂಟೆ ಭಾಷಣಕ್ಕೆ ಕೂರಿಸುವುದು ಗೌರವವಲ್ಲ, ಶಿಕ್ಷೆ.

ಹಣ ಬೇಡ. ಜರ್ಮನ್ ವಿಕಿಪೀಡಿಯದ ಹೊಸ ಬರಹಗಾರರಿಗೆ ಬರೀ ಸಾಂಕೇತಿಕ ಪುರಸ್ಕಾರ ಕೊಟ್ಟು ನೋಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಪುರಸ್ಕಾರ ಸಿಕ್ಕವರಲ್ಲಿ ಬರೆಯುವುದನ್ನು ಮುಂದುವರಿಸಿದವರ ಪ್ರಮಾಣ ಶೇ. 20ರಷ್ಟು ಹೆಚ್ಚಿತ್ತು, ಒಂದು ಕಾಸೂ ಇಲ್ಲದೆ. ಪೊಲೀಸರ ಕೈಗೆ ಸಾರ್ವಜನಿಕರ ದುಡ್ಡು ಸೇರುವುದರ ಬಗ್ಗೆ ಬೇರೆ ಹೇಳಬೇಕಿಲ್ಲ.

ವಿರೋಧ: ವೇದಿಕೆ ಇಳಿದ ಮೇಲಿನ ಮಾತು

ನಮೂನೆ, ಸಮಿತಿ, ತಾಳೆ, ಎಲ್ಲ ಚೊಕ್ಕವಾಗಿವೆ. ತೊಡಕು ಶುರುವಾಗುವುದು ಪ್ರಶಸ್ತಿಯ ಮರುದಿನ.

ಬಾಕಿ ಪ್ರಕರಣ ಇಲ್ಲದವರನ್ನು ಸಮಿತಿಗೆ ಹಾಕಿ ಎನ್ನುವುದು ಇವತ್ತಿನ ಮಟ್ಟಿಗೆ ಸರಿ. ಆದರೆ ಸಣ್ಣ ಊರಿನಲ್ಲಿ ಆ ಐವರಲ್ಲಿ ಒಬ್ಬರ ಅಂಗಡಿಗೆ ಕಳ್ಳ ನುಗ್ಗುತ್ತಾನೆ, ಇನ್ನೊಬ್ಬರ ಮಗ ಪರವಾನಗಿ ಇಲ್ಲದೆ ಬೈಕ್ ಓಡಿಸಿ ಸಿಕ್ಕಿಬೀಳುತ್ತಾನೆ. ಆಗ ಬೈಕ್ ತಡೆಯುವ ಪೇದೆಯ ಮನೆಯ ಗೋಡೆಯ ಮೇಲೆ ಅದೇ ವ್ಯಕ್ತಿಯ ಸಹಿ ಇರುವ ಫಲಕ ತೂಗುತ್ತಿರುತ್ತದೆ. ಪೇದೆ ನ್ಯಾಯವಾಗಿಯೇ ನಡೆದುಕೊಂಡರೂ ನೋಡಿದವರು ‘ಮುಖ ನೋಡಿ ಮಣೆ ಹಾಕಿದ’ ಎನ್ನುತ್ತಾರೆ. ದಂಡ ಹಾಕಿದರೆ ಸಮಿತಿಯವರಿಗೆ ಕೃತಘ್ನ, ಬಿಟ್ಟರೆ ಊರಿಗೆ ಋಣಸಂದಾಯ. ಪ್ರಾಯೋಜಕರು ಸೇರಿಕೊಂಡರಂತೂ ಮುಗಿಯಿತು. ಊಟ, ಫಲಕ, ಶಾಮಿಯಾನದ ಖರ್ಚು ಹೊರಲು ಮುಂದೆ ಬರುವವರು ಸಾಮಾನ್ಯವಾಗಿ ಠಾಣೆಯ ಸದ್ಭಾವ ಬೇಕಾದವರೇ.

ಎರಡನೆಯ ತೊಡಕು ನ್ಯಾಯಾಲಯದ್ದು, ಇದನ್ನು ಸಂಘಟಕರು ಊಹಿಸುವುದೇ ಇಲ್ಲ. ಕಳ್ಳನನ್ನು ಹಿಡಿದ ಪೇದೆಗೆ ಪ್ರಕರಣ ಮುಗಿಯುವ ಮೊದಲೇ ಪ್ರಶಂಸಾಪತ್ರ ಕೊಟ್ಟರು ಎನ್ನಿ. ಬಂಧನದ ವರದಿಯಲ್ಲಿ ‘ಆರೋಪಿ ಕರೆದಾಗ ನಿಂತನು’ ಎಂದಿರುತ್ತದೆ. ಪ್ರಶಂಸಾಪತ್ರದಲ್ಲಿ ‘ಪ್ರಾಣದ ಹಂಗು ತೊರೆದು ಬೆನ್ನಟ್ಟಿ ಹಿಡಿದರು’ ಎಂದು ಬರೆದಿರುತ್ತದೆ. ಆರೋಪಿ ಪರ ವಕೀಲರಿಗೆ ಇಷ್ಟು ಸಾಕು. ಪಾಟೀಸವಾಲಿನಲ್ಲಿ ಎರಡು ಕಾಗದ ಅಕ್ಕಪಕ್ಕ ಇಟ್ಟು ಯಾವುದು ನಿಜ ಎಂದು ಕೇಳಿದರೆ ಪೇದೆ ಏನು ಹೇಳಬೇಕು? ನಾಮನಿರ್ದೇಶನ ಮಾಡಿದವರೇ ಸಾಕ್ಷಿಯೂ ಆಗಿದ್ದರೆ ಅವರ ನಿಷ್ಪಕ್ಷಪಾತವೂ ಹೋಯಿತು. ಆರೋಪಿ ಖುಲಾಸೆಯಾದರೆ, ಯಾವುದಕ್ಕಾಗಿ ಚಪ್ಪಾಳೆ ತಟ್ಟಿದೆವು ಎಂಬ ಪ್ರಶ್ನೆ ಊರಿನ ಕೊರಳಿಗೆ. ಹಾಗೆಂದು ತೀರ್ಪು, ಮೇಲ್ಮನವಿ ಮುಗಿಯುವ ತನಕ ಕಾದರೆ ಮೂರು ತಿಂಗಳ ಲೆಕ್ಕ ಮೂರು ವರ್ಷಕ್ಕೆ ಹೋಗುತ್ತದೆ. ಉಳಿಯುವುದು ಜೀವ ಉಳಿಸಿದ ಪ್ರಸಂಗಗಳು ಮಾತ್ರ, ಮತ್ತು ಅವು ಪೊಲೀಸ್ ಕೆಲಸದ ಸಣ್ಣ ಭಾಗ.

ನಾಮನಿರ್ದೇಶನ ಬರೆಯುವವರು ಯಾರು ಎಂಬುದನ್ನೂ ನೋಡಬೇಕು. ಪೊಲೀಸರಿಗೆ ಹೆದರುವವರು, ಊರಿಗೆ ಹೊಸದಾಗಿ ಬಂದ ಕೂಲಿಗಳು, ಗಂಡನ ಏಟಿನ ಬಗ್ಗೆ ಗುಟ್ಟಾಗಿ ದೂರು ಹೇಳಿಕೊಂಡ ಹೆಂಗಸು, ಇವರಾರೂ ನಮೂನೆ ತುಂಬುವುದಿಲ್ಲ. ಆ ಹೆಂಗಸಿಗೆ ರಾತ್ರೋರಾತ್ರಿ ಸುರಕ್ಷಿತ ಜಾಗ ಹುಡುಕಿಕೊಟ್ಟ ಅಧಿಕಾರಿಯ ಕೆಲಸ ಬಹಿರಂಗವಾದರೆ ಅದೇ ಅಪಾಯ. ಮಾಹಿತಿದಾರರನ್ನು ಇಟ್ಟುಕೊಂಡು ಕೆಲಸ ಮಾಡುವವರದೂ ಇದೇ ಕತೆ. ಆದ್ದರಿಂದ ವೇದಿಕೆ ಹತ್ತುವುದು ಹೇಳಿಕೊಳ್ಳಬಹುದಾದ ಕೆಲಸ, ಹೇಳಿಕೊಳ್ಳಬಲ್ಲವರ ಕಣ್ಣಿಗೆ ಬಿದ್ದದ್ದು. ಊರಿನ ಒಂದು ಕೇರಿ ಯಾರ ಕೈಯಲ್ಲಿ ಏಟು ತಿಂದಿದೆಯೋ ಅವರಿಗೇ ಇನ್ನೊಂದು ಕೇರಿ ಫಲಕ ಕೊಟ್ಟರೆ ಒಡಕು ಪೊಲೀಸರ ಮತ್ತು ಜನರ ನಡುವೆ ಮಾತ್ರ ಉಳಿಯುವುದಿಲ್ಲ.

ಕಣ್ಣಿಗೆ ಬೀಳುವುದೇ ಪರಿಣಾಮ ಎನ್ನುವಂತೆಯೂ ಇಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ 15 ಬೀಟುಗಳನ್ನು ಮೂರು ಗುಂಪು ಮಾಡಿ, ಐದರಲ್ಲಿ ಗಸ್ತು ಹೆಚ್ಚಿಸಿದರು, ಐದರಲ್ಲಿ ಹಾಗೇ ಬಿಟ್ಟರು, ಐದರಲ್ಲಿ ಕರೆ ಬಂದಾಗ ಮಾತ್ರ ಒಳಹೋದರು. ಅಪರಾಧದಲ್ಲಿ, ಜನರ ಭಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ಬೀದಿಯಲ್ಲಿ ಸದಾ ಕಾಣುವ ಪೇದೆಗೆ ಓಟು ಹಾಕುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಅಳತೆ. ವಾದ ಬೇಡ ಎಂದು ಯಾವುದಾದರೂ ಸಮಿತಿ ಅಂಕಿ ಹಿಡಿಯುತ್ತದೆ: ಎಷ್ಟು ಪ್ರಕರಣ ಭೇದಿಸಿದರು, ಎಷ್ಟು ದಂಡ ವಸೂಲಾಯಿತು. ಒಂದು ಅಂಕಿಯ ಮೇಲೆ ಮರ್ಯಾದೆ ನಿಂತಷ್ಟೂ ಆ ಅಂಕಿಯೇ ಕೆಡುತ್ತದೆ ಎಂದು ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಹೇಳಿದ್ದರು. ಭೇದಿಸಿದ ಪ್ರಮಾಣ ಹೆಚ್ಚಿಸುವ ಸುಲಭ ದಾರಿ ಕಷ್ಟದ ದೂರನ್ನು ದಾಖಲಿಸದಿರುವುದು. ‘ನಾಳೆ ಬನ್ನಿ’ ಎಂದರಾಯಿತು, ನಾಳೆ ಬರುವವರು ಕಡಿಮೆ. ಅಂಕಿ ಬಿಟ್ಟು ಸಾಹಸ ಹಿಡಿದರೆ ಇನ್ನೊಂದು ಗುಂಡಿ. ಶಾಲೆ ಬಿಡುವ ಹೊತ್ತಿನಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಬೆನ್ನಟ್ಟಿದವನಿಗೆ ಫಲಕ ಸಿಗುತ್ತದೆ. ನಂಬರ್ ಬರೆದುಕೊಂಡು ಬೆನ್ನಟ್ಟದೆ ಬಿಟ್ಟು ಸಂಜೆ ಮನೆಯಲ್ಲೇ ಹಿಡಿದವನ ಹೆಸರು ಯಾರಿಗೂ ತೋಚುವುದಿಲ್ಲ. ಎರಡನೆಯವನ ತೀರ್ಮಾನವೇ ಮೇಲು.

ವಿಕಿಪೀಡಿಯದ ಪ್ರಯೋಗವನ್ನು ಇಲ್ಲಿಗೆ ಎಳೆತರುವುದೂ ಅಷ್ಟು ಸಲೀಸಲ್ಲ. ಅಲ್ಲಿನವರು ಒಬ್ಬರನ್ನೊಬ್ಬರು ಕಂಡಿಲ್ಲದ ಸಾವಿರಾರು ಜನ, ಇಲ್ಲಿ ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ ಪಾಳಿ ಬದಲಿಸುವವರು. ಕೈಗಾರಿಕಾ ಲಾಂಡ್ರಿಯೊಂದರಲ್ಲಿ ಹಾಜರಾತಿಗೆ ಇಟ್ಟ ಬಹುಮಾನದ ಬಗ್ಗೆ ನಡೆದ ಅಧ್ಯಯನದಲ್ಲಿ, ಮೊದಲಿನಿಂದಲೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದವರ ಕೆಲಸವೇ ಕುಗ್ಗಿತು. ತಾವು ಸುಮ್ಮನೆ ಮಾಡಿಕೊಂಡು ಬಂದದ್ದಕ್ಕೆ ಬೇರೆಯವರಿಗೆ ಬಹುಮಾನ ಸಿಕ್ಕರೆ ಇನ್ನೇನಾಗುತ್ತದೆ?

ಗೌರವಿಸಲೇಬೇಕೆಂದರೆ ಮುಖ ಬಿಟ್ಟು ಸಮಸ್ಯೆ ಹಿಡಿಯಬಹುದು. ಸಮಸ್ಯೆ ಬಗೆಹರಿಸಿದ ಪೊಲೀಸರ ಯೋಜನೆಗಳಿಗೆಂದೇ 1993ರಲ್ಲಿ ಅಮೆರಿಕದಲ್ಲಿ ಶುರುವಾದ ಗೋಲ್ಡ್‌ಸ್ಟೀನ್ ಪ್ರಶಸ್ತಿ, 1999ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಟಿಲ್ಲಿ ಪ್ರಶಸ್ತಿ ಎರಡೂ ಕೇಳುವುದು ಇಷ್ಟನ್ನೇ: ಯಾವ ತೊಂದರೆ ಮರುಕಳಿಸುತ್ತಿತ್ತು, ಕಾರಣ ಏನೆಂದು ಕಂಡುಕೊಂಡಿರಿ, ಏನು ಬದಲಿಸಿದಿರಿ, ಆಮೇಲೆ ಅಳೆದು ನೋಡಿದಿರಾ? ಒಂದೇ ತಿರುವಿನಲ್ಲಿ ಆಗುತ್ತಿದ್ದ ಅಪಘಾತ ನಿಂತದ್ದಕ್ಕೆ ದೀಪ ಹಾಕಿದ ಕಚೇರಿಗೂ ಪಾಲು ಸಿಗುತ್ತದೆ, ಠಾಣೆಗೂ ಸಿಗುತ್ತದೆ.

ಒಬ್ಬರಿಗೇ ಕೃತಜ್ಞತೆ ಹೇಳಬೇಕಿದ್ದರೆ ಒಂದು ವಾರದೊಳಗೆ ಹತ್ತು ಸಾಲಿನ ಪತ್ರ ಸಾಕು. ದಿನ, ಗಂಟೆ, ಜಾಗ, ಆದದ್ದು. ಅದನ್ನು ಪೇದೆಯ ಕೈಗೆ ಕೊಡದೆ ಅವರ ಮೇಲಿನ ಅಧಿಕಾರಿಗೆ ಕಳಿಸಿ, ಇದರ ಒಂದು ಪ್ರತಿ ಸೇವಾ ಕಡತಕ್ಕೆ ಸೇರಲಿ ಎಂದು ಕೊನೆಯಲ್ಲಿ ಬರೆದು, ಸ್ವೀಕೃತಿ ಕೇಳಿ. ಬಡ್ತಿಯ ವೇಳೆ ತೆರೆಯುವುದು ಗೋಡೆಯ ಫಲಕವನ್ನಲ್ಲ, ಆ ಕಡತವನ್ನು. ಹೆಸರು ಗೊತ್ತಿಲ್ಲದಿದ್ದರೆ ಸಮವಸ್ತ್ರದ ಸಂಖ್ಯೆ ನೋಡಿಕೊಳ್ಳಿ. ಪೀಲ್ ಕಾಲದ ಲಂಡನ್ ಪೇದೆಗಳ ಕಾಲರಿನ ಮೇಲೂ ಅಂಥದೊಂದು ಸಂಖ್ಯೆ ಇತ್ತು. ಜನ ದೂರು ಬರೆಯುತ್ತಿದ್ದುದು ಅದನ್ನು ನೋಡಿಯೇ, ಮೆಚ್ಚುಗೆಗೂ ಅದೇ ಸಾಕು.